39 ಮಿಲಿಮೀಟರ್

ಅಭ್ಯಾಸ ಮುಗಿಸಿ ಬಂದ ರಾತ್ರಿಗಳಲ್ಲಿ ನನ್ನ ಕುತ್ತಿಗೆ ನೋಯುತ್ತಿತ್ತು. ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಸೊಂಟದ ಮೇಲೆ, ಬೆನ್ನೆಲುಬಿನ ಎರಡೂ ಕಡೆ, ಹಗ್ಗ ಬಿಗಿದಂತಹ ಸೆಳೆತ. ಇದು ನಾಲ್ಕು ವರ್ಷ ನಡೆಯಿತು. ನನ್ನ ಎತ್ತರ 148 ಸೆಂಟಿಮೀಟರ್. ನಾನು ಹಿಡಿಯುತ್ತಿದ್ದುದು ಎಲ್ಲರೂ ಹಿಡಿಯುತ್ತಿದ್ದ .22 ರೈಫಲ್, ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಬಳಸುವ ಸಣ್ಣ ಗುಂಡಿನ ಬಂದೂಕು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ನನಗೆ ನಾಲ್ಕು ವರ್ಷ ಬೇಕಾಯಿತಲ್ಲ ಎಂಬುದೇ ಇವತ್ತಿಗೂ ಕಾಡುತ್ತದೆ.

ಚಪ್ಪಲಿ ಕಚ್ಚಿದರೆ ನಾವು ಚಪ್ಪಲಿಯನ್ನು ದೂರುತ್ತೇವೆ, ಕಾಲನ್ನು ದೂರುವುದಿಲ್ಲ. ಅಂಗಿಯ ತೋಳು ಉದ್ದವಾದರೆ ದರ್ಜಿಯ ಬಳಿಗೆ ಹೋಗುತ್ತೇವೆ. ರೈಫಲ್ ವಿಷಯದಲ್ಲಿ ಮಾತ್ರ ನಾನು, ನನಗೆ ಕಲಿಸಿದವರು, ಪಕ್ಕದ ಸಾಲಿನಲ್ಲಿ ನಿಂತು ಹೊಡೆಯುತ್ತಿದ್ದವರು ಎಲ್ಲರೂ ಸೇರಿ ನನ್ನ ದೇಹವನ್ನೇ ದೂರಿದೆವು. ‘ತೋಳಿಗೆ ಬಲ ಬರಲಿ, ತಾನಾಗಿಯೇ ಸರಿಹೋಗುತ್ತದೆ’ ಎಂದರು ಮೊದಲ ಕೋಚ್. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ದಿನವೂ ದಂಡ ಹೊಡೆದೆ, ನೀರು ತುಂಬಿದ ಬಾಟಲಿಗಳನ್ನು ಕೈ ಚಾಚಿ ಹಿಡಿದು ನಿಂತೆ. ಬಲ ಬಂತು. ಆದರೆ ಬಲ ಬಂದ ಮಾತ್ರಕ್ಕೆ ಕೈ ಉದ್ದವಾಗುವುದಿಲ್ಲ. ಇಷ್ಟು ಸರಳವಾದ ಮಾತನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಹೇಳಿಕೊಳ್ಳಲಿಲ್ಲ.

ಆಗ ನಾನು ನಿಲ್ಲುತ್ತಿದ್ದ ರೀತಿಯನ್ನು ಒಬ್ಬ ಗೆಳತಿ ಪಕ್ಕದಿಂದ ಫೋಟೊ ತೆಗೆದಿದ್ದಳು. ರೈಫಲ್‌ನ ಹಿಂಬದಿ ಭುಜದ ಗುಳಿಯಲ್ಲಿ ಕೂರದೆ ತೋಳಿನ ಕಡೆಗೆ ಜಾರಿದೆ. ಎಡಗೈ ಚಾಚಿಕೊಂಡಿದೆ, ಮೊಣಕೈ ಸೊಂಟದ ಮೂಳೆಯ ಮೇಲೆ ಊರಬೇಕಾದದ್ದು ಗಾಳಿಯಲ್ಲಿದೆ. ಮುಂದಿನ ಭಾರವನ್ನು ಸರಿದೂಗಿಸಲು ಬೆನ್ನು ಹಿಂದಕ್ಕೆ ಬಾಗಿದೆ, ಹಾಗೆ ಬಾಗಿದ್ದರಿಂದ ದೂರವಾದ, ಗುರಿ ನೋಡುವ ಕಿಂಡಿಯನ್ನು ತಲುಪಲು ಕುತ್ತಿಗೆ ಮುಂದಕ್ಕೆ ಚಾಚಿದೆ. ದೇಹ ಹಿಂದಕ್ಕೆ, ತಲೆ ಮುಂದಕ್ಕೆ. ಅದನ್ನು ನಾನು ಹೆಮ್ಮೆಯಿಂದ ಗೋಡೆಗೆ ಅಂಟಿಸಿಕೊಂಡಿದ್ದೆ. ಎಲ್ಲ ಅದರಲ್ಲೇ ಇತ್ತು.

ನೋಯಿಸದ ಬಂದೂಕು

ಇಷ್ಟು ದಿನ ಇದು ಹೇಗೆ ಗೊತ್ತಾಗಲಿಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ಸಿಗುವ ಉತ್ತರ ಗುಂಡಿನ ಗಾತ್ರದಲ್ಲಿದೆ. .22 ಲಾಂಗ್ ರೈಫಲ್ ಗುಂಡು 1887ರಿಂದ ಬಳಕೆಯಲ್ಲಿದೆ. ಅದರ ಸಾಮಾನ್ಯ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ನಾಲ್ಕು ಕಿಲೋ ತೂಗುವ ರೈಫಲ್‌ನಿಂದ ಅಷ್ಟು ಹಗುರವಾದ ಗುಂಡು ಹೊರಟಾಗ ಭುಜಕ್ಕೆ ಬೀಳುವ ಒದೆತ ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ದೊಡ್ಡ ಬಂದೂಕನ್ನು ಅಳತೆ ತಪ್ಪಿ ಹಿಡಿದರೆ ಎರಡನೆಯ ಗುಂಡಿಗೇ ಭುಜ ಕಂದುತ್ತದೆ, ಕೆನ್ನೆ ಉರಿಯುತ್ತದೆ. ಅದು ತಕ್ಷಣ ಹೇಳಿಬಿಡುತ್ತದೆ. ಸಣ್ಣ ಬಂದೂಕು ಹಾಗಲ್ಲ, ಅದು ಸಹಿಸಿಕೊಳ್ಳುತ್ತದೆ. ಹೊಂದದಿದ್ದರೂ ಹೊಂದಿದಂತೆ ಇರುತ್ತದೆ. ಅದರ ಲೆಕ್ಕ ತೀರುವುದು ತಿಂಗಳುಗಳ ನಂತರ, ಕುತ್ತಿಗೆಯಲ್ಲಿ ಮತ್ತು ಅಂಕಗಳ ಪಟ್ಟಿಯಲ್ಲಿ.

ಅಂಕಗಳ ಪಟ್ಟಿಯನ್ನು ಸುಮ್ಮನೆ ಹೇಳಲಿಲ್ಲ. 50 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಒಂದು ಅಂಗಿಯ ಗುಂಡಿಯಷ್ಟು. ನನ್ನ ಮೊದಲ ಹತ್ತು ಗುಂಡುಗಳು ಅದರ ಸುತ್ತಮುತ್ತಲೇ ಬೀಳುತ್ತಿದ್ದವು. ಇಪ್ಪತ್ತರ ನಂತರ ಕೆಳಗಿಳಿಯುತ್ತಿದ್ದವು, ಮೂವತ್ತರ ನಂತರ ಎಲ್ಲೆಂದರಲ್ಲಿ. ‘ಏಕಾಗ್ರತೆ ಸಾಲದು’ ಎಂಬ ಮಾತನ್ನು ಆಗ ನಾನು ಎಷ್ಟು ಸಲ ಕೇಳಿದೆನೋ. ಏಕಾಗ್ರತೆ ಇತ್ತು. ನಿಲ್ಲುವುದಕ್ಕೆ ಮೂಳೆಯ ಆಧಾರ ಇರಲಿಲ್ಲ. ಮೂಳೆಯ ಮೇಲೆ ನಿಂತ ರೈಫಲ್ ನಿಲ್ಲುತ್ತದೆ, ಸ್ನಾಯುವಿನ ಮೇಲೆ ನಿಂತದ್ದು ನಡುಗುತ್ತದೆ. ಸ್ನಾಯು ದಣಿಯುತ್ತದೆ, ಮೂಳೆ ದಣಿಯುವುದಿಲ್ಲ.

ಮೊಣಕೈ ಹೇಳುವ ಸುಳ್ಳು

ರೈಫಲ್ ನಮಗೆ ಸರಿಹೊಂದುತ್ತದೆಯೇ ಎಂದು ನೋಡುವ ಹಳೆಯ ವಿಧಾನ ಓದುಗರಲ್ಲಿ ಅನೇಕರಿಗೆ ಗೊತ್ತಿರುತ್ತದೆ: ಹಿಂಬದಿಯನ್ನು ಮೊಣಕೈ ಮಡಿಕೆಯಲ್ಲಿ ಇಟ್ಟು, ತೋರುಬೆರಳು ಟ್ರಿಗರ್ ಮುಟ್ಟುತ್ತದೆಯೇ ಎಂದು ನೋಡುವುದು. ನನ್ನ ಬೆರಳ ತುದಿ ಮುಟ್ಟುತ್ತಿತ್ತು. ಹಾಗಾಗಿ ‘ಸರಿಯಾಗಿದೆ’ ಎಂದು ತೀರ್ಮಾನವಾಯಿತು. ಈ ಪರೀಕ್ಷೆ ಅಳೆಯುವುದು ಮುಂಗೈಯ ಉದ್ದವನ್ನು ಮಾತ್ರ. ಕುತ್ತಿಗೆ ಎಷ್ಟು ಉದ್ದ, ಎದೆ ಎಷ್ಟು ಅಗಲ, ಭುಜದ ಗುಳಿ ಎಲ್ಲಿದೆ, ಮೈಮೇಲೆ ದಪ್ಪ ಶೂಟಿಂಗ್ ಜಾಕೆಟ್ ಇದೆಯೇ, ನಿಂತು ಹೊಡೆಯುತ್ತೀಯೋ ಮಲಗಿ ಹೊಡೆಯುತ್ತೀಯೋ ಎಂಬ ಯಾವುದನ್ನೂ ಅದು ಕೇಳುವುದಿಲ್ಲ. ಜಾಕೆಟ್ ಒಂದೇ ಸಾಕು, ಅಳತೆಯನ್ನು ಬೆರಳಗಲ ಬದಲಿಸಲು.

ಟ್ರಿಗರ್‌ನಿಂದ ಹಿಂಬದಿಯ ನಡುಮಧ್ಯದವರೆಗಿನ ಈ ಅಂತರವನ್ನು ಶೂಟರ್‌ಗಳು ಲೆಂಗ್ತ್ ಆಫ್ ಪುಲ್ ಎನ್ನುತ್ತಾರೆ; ನಾನು ಟ್ರಿಗರ್ ದೂರ ಎನ್ನುತ್ತೇನೆ. ಕಾರ್ಖಾನೆಯಿಂದ ಬರುವ ಬಹುಪಾಲು ದೊಡ್ಡವರ ರೈಫಲ್‌ಗಳಲ್ಲಿ ಇದು ಸುಮಾರು 13.5 ಇಂಚು, ಅಂದರೆ 34 ಸೆಂಟಿಮೀಟರ್‌ಗೆ ಸ್ವಲ್ಪ ಹೆಚ್ಚು. ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯನ ಕಲ್ಪನೆ ಇದೆ: ಮಧ್ಯಮ ಎತ್ತರದ ಗಂಡಸು. ಅವನಿಗಿಂತ ಒಂದು ಗೇಣು ಗಿಡ್ಡವಾಗಿರುವವರು ಹೊಂದಿಕೊಳ್ಳಬೇಕು. ನಾನು ಹೊಂದಿಕೊಂಡೆ, ಚೆನ್ನಾಗಿಯೇ ಹೊಂದಿಕೊಂಡೆ. ಕೆಟ್ಟದ್ದಾದದ್ದು ಅದರಿಂದಲೇ.

ಕಣ್ಣು ಮುಚ್ಚಿ ಹಿಡಿದ ದಿನ

ಬಂದೂಕು ದುರಸ್ತಿ ಮಾಡುವ ಒಬ್ಬ ಹಿರಿಯರ ಬಳಿ ನಾನು ಹೋದದ್ದು ಟ್ರಿಗರ್ ತೊಂದರೆಗೆ. ಬೆರಳು ಸರಿಯಾಗಿ ಕೂರುತ್ತಿಲ್ಲ, ಎಳೆಯುವಾಗ ನಳಿಗೆ ಪಕ್ಕಕ್ಕೆ ಸರಿಯುತ್ತದೆ ಎಂದೆ. ಅವರು ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ತೆಗೆದು ಬದಿಗಿಟ್ಟರು, ಗುಂಡು ಕೂರುವ ಚೇಂಬರ್ ಖಾಲಿ ಇದೆ ಎಂದು ಬೆಳಕಿಗೆ ಹಿಡಿದು ನೋಡಿದರು, ನನಗೂ ತೋರಿಸಿದರು. ಆಮೇಲೆ ರೈಫಲ್ ಕಡೆಗೆ ನೋಡಲೇ ಇಲ್ಲ. ‘ಬರಿಗೈಯಲ್ಲಿ ನಿಂತುಕೊಳ್ಳಮ್ಮ. ಹೊಡೆಯುವಾಗ ಹೇಗೆ ನಿಲ್ಲಬೇಕೆಂದು ನಿನ್ನ ಮೈಗೆ ಅನ್ನಿಸುತ್ತದೋ ಹಾಗೆ. ಕಣ್ಣು ಮುಚ್ಚು’ ಎಂದರು.

ನಾನು ನಿಂತೆ. ಎಡ ಮೊಣಕೈ ಸೊಂಟದ ಮೂಳೆಗೆ ತಾಗಿತು. ತಲೆ ನೆಟ್ಟಗೆ ನಿಂತಿತು. ಬರಿಗೈಯಲ್ಲಿ ನಾನು ಸರಿಯಾಗಿಯೇ ನಿಲ್ಲುತ್ತಿದ್ದೆ! ಅವರು ಕೈಗೆ ರೈಫಲ್ ಕೊಟ್ಟರು. ‘ಕಣ್ಣು ತೆರೆಯಬೇಡ. ಭುಜಕ್ಕೆ ತೆಗೆದುಕೋ.’ ತೆಗೆದುಕೊಂಡೆ, ಮತ್ತು ನನ್ನ ಬೆನ್ನು ಹಿಂದಕ್ಕೆ ಬಾಗುವುದನ್ನು ಮೊದಲ ಬಾರಿಗೆ ಒಳಗಿನಿಂದ ಗಮನಿಸಿದೆ. ಮೊಣಕೈ ಸೊಂಟವನ್ನು ಬಿಟ್ಟಿತು. ಕುತ್ತಿಗೆ ತಾನಾಗಿ ಮುಂದೆ ಹೋಯಿತು. ಯಾರೂ ತಳ್ಳಿರಲಿಲ್ಲ. ನಾಲ್ಕು ವರ್ಷದ ಅಭ್ಯಾಸ ಅದರ ಪಾಡಿಗೆ ತನ್ನ ಕೆಲಸ ಮಾಡುತ್ತಿತ್ತು. ‘ಈಗ ಕಣ್ಣು ತೆರೆ. ಏನು ಕಾಣುತ್ತದೆ?’ ಹಿಂದಿನ ಕಿಂಡಿಯಲ್ಲಿ, ನಳಿಗೆಯ ತುದಿಯಲ್ಲಿರುವ ಮುಂದಿನ ಉಂಗುರ ಅರ್ಧ ಮಾತ್ರ ಕಾಣುತ್ತಿತ್ತು, ಉಳಿದರ್ಧ ಕಪ್ಪು. ಪೂರ್ತಿ ಕಾಣಬೇಕಾದರೆ ಇನ್ನೂ ಚಾಚಬೇಕಿತ್ತು.

ಅವರು ಹಿಂಬದಿಯ ಎರಡು ತಿರುಪು ಬಿಚ್ಚಿ, ಭುಜಕ್ಕೆ ತಾಗುವ ಬಿಲ್ಲೆಯಾದ ಬಟ್‌ಪ್ಲೇಟ್ ಕಳಚಿದರು. ಎರಡು ಸೆಂಟಿಮೀಟರ್ ಕಡಿಮೆಯಾಯಿತು. ಬರಿಯ ಮರವೇ ಭುಜಕ್ಕೆ ತಾಗುವಂತೆ ಮತ್ತೆ ಹಿಡಿಸಿದರು. ಕುತ್ತಿಗೆ ಒಂದಿಷ್ಟು ಹಿಂದಕ್ಕೆ ಬಂತು, ಮೊಣಕೈ ಸೊಂಟದ ಹತ್ತಿರ ಬಂತು, ಆದರೆ ಕೂರಲಿಲ್ಲ. ‘ಇನ್ನೂ ಅಷ್ಟೇ ಬೇಕು’ ಎಂದರು. ಅಳತೆಪಟ್ಟಿ ಹಿಡಿದು ಬರೆದುಕೊಂಡರು. ನನ್ನ ರೈಫಲ್‌ನ ಟ್ರಿಗರ್ ದೂರ 345 ಮಿಲಿಮೀಟರ್ ಇತ್ತು. ನನಗೆ ಬೇಕಾದದ್ದು 305ರ ಆಸುಪಾಸು.

ಆ ಕಾಗದ ನೋಡುತ್ತ ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾಲ್ಕು ವರ್ಷಗಳಲ್ಲಿ ಯಾರಾದರೂ ಒಬ್ಬರು ಎರಡು ತಿರುಪು ಬಿಚ್ಚಿ ನೋಡಬಹುದಿತ್ತು. ನಿಮ್ಮಲ್ಲಿ ಯಾರಾದರೂ ಗಿಡ್ಡಗಿದ್ದು, ರೈಫಲ್ ಏಕೋ ಒಗ್ಗುತ್ತಿಲ್ಲ ಎಂದು ಅನ್ನಿಸುತ್ತಿದ್ದರೆ ಮೊದಲು ಇದನ್ನು ಮಾಡಿ. ಖಾಲಿ ಎಂದು ಎರಡು ಸಲ ಖಚಿತಪಡಿಸಿಕೊಂಡು, ಬೋಲ್ಟ್ ತೆಗೆದು, ಬಟ್‌ಪ್ಲೇಟ್ ಕಳಚಿ ಹಿಡಿದು ನೋಡಿ. ಒಂದು ಸ್ಕ್ರೂಡ್ರೈವರ್ ಸಾಕು. ಅದರಿಂದ ಮೈಯ ನಿಲುವು ಸ್ವಲ್ಪವಾದರೂ ಬದಲಾದರೆ, ತೊಂದರೆ ಎಲ್ಲಿದೆ ಎಂದು ಗೊತ್ತಾದಂತೆ.

ಮಕ್ಕಳ ಮಾದರಿ

ಹಿಂಬದಿಯ ಮರವನ್ನು ಕತ್ತರಿಸುವ ಮೊದಲು ಸಿದ್ಧವಾಗಿ ಸಿಗುವುದನ್ನೇ ಕೊಳ್ಳಬಾರದೇಕೆ ಎಂದು ನಾನೂ ಯೋಚಿಸಿದೆ. ಗಿಡ್ಡಗಿರುವವರು ಕೇಳಿದರೆ ಎಲ್ಲರೂ ತೋರಿಸುವುದು ಮಕ್ಕಳ ಮಾದರಿಗಳನ್ನು. ಅವುಗಳ ಟ್ರಿಗರ್ ದೂರ 11.5ರಿಂದ 12.5 ಇಂಚು. ಕ್ರಿಕೆಟ್ ಎಂಬ ಹೆಸರಿನ ಒಂಟಿಗುಂಡಿನ ಪುಟ್ಟ ರೈಫಲ್ ಒಂದೂವರೆ ಕಿಲೋ ಕೂಡ ತೂಗುವುದಿಲ್ಲ. ಎಂಟು ವರ್ಷದ ಮಗುವಿಗೆ ಅದು ತಕ್ಕದ್ದು. ಸಿಝಡ್ 457 ಸ್ಕೌಟ್‌ನಲ್ಲಿ 12 ಇಂಚು. ನನ್ನ ಅಳತೆಗೆ ಹತ್ತಿರ, ಕೈಗೂ ಹಿತವಾಗಿತ್ತು. ರೂಗರ್ ಅಮೆರಿಕನ್ ರಿಮ್‌ಫೈರ್‌ನಲ್ಲಿ, ನಳಿಗೆಯನ್ನು ಹೊತ್ತು ಭುಜದವರೆಗೆ ಬರುವ ಭಾಗವಾದ ಸ್ಟಾಕ್‌ನ ಹಿಂಬದಿಯ ತುಂಡನ್ನೇ ಕಳಚಿ ಬೇರೆ ಉದ್ದದ್ದನ್ನು ಜೋಡಿಸಬಹುದು, ಕೆನ್ನೆ ಒರಗುವ ಎತ್ತರವನ್ನೂ ಹಾಗೆಯೇ ಬದಲಿಸಬಹುದು. ಬೆಳೆಯುತ್ತಿರುವ ಮಕ್ಕಳಿರುವ ಮನೆಗೆ ಇಂಥದ್ದೇ ಸರಿ ಎಂದು ನನ್ನ ಅಭಿಪ್ರಾಯ. ಮಗು ಬೆಳೆಯುತ್ತದೆ, ಕತ್ತರಿಸಿದ ಮರ ಬೆಳೆಯುವುದಿಲ್ಲ.

ಆದರೆ ಗಿಡ್ಡಗಿರುವ ದೊಡ್ಡವರು ಮಕ್ಕಳಲ್ಲ. ಇದನ್ನು ಒತ್ತಿ ಹೇಳಬೇಕೆನ್ನಿಸುತ್ತದೆ. ನನ್ನ ಕೈ ಚಿಕ್ಕದು, ಆದರೆ ಮುಖ ದೊಡ್ಡವರ ಮುಖ. ಕೆನ್ನೆಮೂಳೆಯಿಂದ ಕಣ್ಣಿನವರೆಗಿನ ಎತ್ತರ ಎಲ್ಲರಂತೆಯೇ. ಮಕ್ಕಳ ಸ್ಟಾಕ್‌ಗೆ ಕೆನ್ನೆ ಇಟ್ಟರೆ ಕಣ್ಣು ಕಿಂಡಿಗಿಂತ ಮೇಲೆ ಹೋಗುತ್ತದೆ. ನನಗೆ ಭಾರ ಹೊರುವ ಶಕ್ತಿ ಇದೆ. ಇಲ್ಲದಿರುವುದು ಚಾಚುವ ಉದ್ದ. ಮಕ್ಕಳ ಮಾದರಿ ಎರಡನ್ನೂ ಒಟ್ಟಿಗೆ ತೆಗೆದುಬಿಡುತ್ತದೆ. ನಿಂತು ಹೊಡೆಯುವಾಗ ಭಾರವೇ ಬಂಧು: ತೀರಾ ಹಗುರವಾದ ರೈಫಲ್ ಎದೆಬಡಿತಕ್ಕೂ ಕುಣಿಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 50 ಮೀಟರ್ ರೈಫಲ್‌ಗೆ 8 ಕಿಲೋವರೆಗೆ ಅವಕಾಶ ಇರುವುದು ಸುಮ್ಮನೆ ಅಲ್ಲ. ನನಗೆ ಬೇಕಾಗಿದ್ದುದು ಭಾರ ಹತ್ತಿರಕ್ಕೆ ಬರುವುದು, ಭಾರ ಇಲ್ಲವಾಗುವುದಲ್ಲ.

ಸ್ಪರ್ಧೆಯ ದುಬಾರಿ ಅಲ್ಯೂಮಿನಿಯಂ ಸ್ಟಾಕ್‌ಗಳಲ್ಲಿ ಎಲ್ಲವೂ ಹೊಂದಿಸುವಂತಿರುತ್ತದೆ. ಆದರೆ ‘ಹೊಂದಿಸಬಹುದು’ ಎಂಬ ಮಾತಿಗೂ ಒಂದು ಕೊನೆ ಇದೆ. ನಾನು ಎರವಲು ಪಡೆದು ನೋಡಿದ ಒಂದರಲ್ಲಿ ಹಿಂಬದಿಯನ್ನು ಪೂರ್ತಿ ಒಳಗೆ ತಳ್ಳಿದ ಮೇಲೂ ನನಗೆ ಒಂದು ಬೆರಳು ಉದ್ದವೇ ಉಳಿಯಿತು. ಕೊಳ್ಳುವವರು ಗರಿಷ್ಠ ಅಳತೆಯನ್ನಲ್ಲ, ಕನಿಷ್ಠ ಅಳತೆಯನ್ನು ಕೇಳಿ ತಿಳಿದುಕೊಳ್ಳಬೇಕು.

ಗರಗಸ

ಕೊನೆಗೆ ನನ್ನ ಹಳೆಯ ರೈಫಲನ್ನೇ ಕತ್ತರಿಸುವುದೆಂದಾಯಿತು. ಮರದ ಸ್ಟಾಕ್, ಕಡುಕಂದು ಬಣ್ಣ, ಹಿಂಬದಿಯ ಹತ್ತಿರ ಸುಂದರವಾದ ಸುಳಿಯಂತಹ ಗೆರೆಗಳಿದ್ದವು. ಆ ಗೆರೆಗಳೇ ಹೋಗುತ್ತವೆ ಎಂದು ಸಂಕಟವಾಯಿತು. ಹಿರಿಯರು ಅವಸರ ಮಾಡಲಿಲ್ಲ. ಮೊದಲು ಕಾನೂನಿನ ಮಾತು ಹೇಳಿದರು. ಅನೇಕ ದೇಶಗಳಲ್ಲಿ ನಳಿಗೆಯ ಉದ್ದಕ್ಕೂ ಬಂದೂಕಿನ ಒಟ್ಟು ಉದ್ದಕ್ಕೂ ಕನಿಷ್ಠ ಮಿತಿ ಇದೆ. ಅಮೆರಿಕದಲ್ಲಿ ವಿಶೇಷ ನೋಂದಣಿ ಇಲ್ಲದೆ ರೈಫಲ್‌ನ ನಳಿಗೆ 16 ಇಂಚಿಗಿಂತ, ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇರುವಂತಿಲ್ಲ. ಅಲ್ಲಿನ ಅನೇಕ ಮಕ್ಕಳ ರೈಫಲ್‌ಗಳ ನಳಿಗೆಯೂ 16 ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚಿರುವುದು ಇದಕ್ಕೇ. ನಾವು ನಳಿಗೆಯ ತಂಟೆಗೆ ಹೋಗಲಿಲ್ಲ. ಸ್ಟಾಕ್ ಮಾತ್ರ, ಅದೂ ಒಟ್ಟು ಉದ್ದವನ್ನು ಲೆಕ್ಕ ಹಾಕಿದ ಮೇಲೆ.

ಸ್ಟಾಕನ್ನು ರೈಫಲ್‌ನಿಂದ ಬಿಡಿಸಿ ಹಲಗೆಗೆ ಕಟ್ಟಿದರು. ಮರದ ಸಿಬಿರು ಏಳದಿರಲೆಂದು ಸುತ್ತ ಕಾಗದದ ಟೇಪ್ ಸುತ್ತಿ, ಅದರ ಮೇಲೆ ಗೆರೆ ಎಳೆದರು. ಹಿಂಬದಿ ನಳಿಗೆಗೆ ನೇರ ಲಂಬವಾಗಿ ಇರುವುದಿಲ್ಲ, ತುಸು ಓರೆಯಾಗಿರುತ್ತದೆ. ಆ ಓರೆಯನ್ನು ಉಳಿಸಿಕೊಳ್ಳದಿದ್ದರೆ ಹಿಂಬದಿಯ ಮೇಲಿನ ಮೂಲೆಯೋ ಕೆಳಗಿನ ಮೂಲೆಯೋ ಮಾತ್ರ ಭುಜಕ್ಕೆ ತಾಗುತ್ತದೆ. ಎಷ್ಟು ಕತ್ತರಿಸುವುದು ಎಂದು ಕೇಳಿದೆ. ‘ಬೇಕಾದ್ದಕ್ಕಿಂತ ಹೆಚ್ಚು. ತೆಗೆದುಹಾಕಿದ್ದನ್ನು ಚೂರು ಚೂರಾಗಿ ವಾಪಸ್ಸು ಸೇರಿಸಬಹುದು. ಉಳಿಸಿಕೊಂಡದ್ದನ್ನು ಚೂರು ಚೂರಾಗಿ ತೆಗೆಯಲು ಹೋದರೆ ದಿನವೂ ಗರಗಸ ಹಿಡಿಯಬೇಕಾಗುತ್ತದೆ’ ಎಂದರು. 50 ಮಿಲಿಮೀಟರ್ ಗುರುತು ಹಾಕಿ, ಸಣ್ಣ ಹಲ್ಲಿನ ಗರಗಸದಿಂದ ಗೆರೆಯ ಹೊರಗೇ ಕೊಯ್ದು, ಉಳಿದದ್ದನ್ನು ಉಜ್ಜುಕಾಗದದಿಂದ ಗೆರೆಗೆ ತಂದರು. ಮರದ ವಾಸನೆ ಕೋಣೆಯನ್ನೆಲ್ಲ ತುಂಬಿತು. ಕೊಯ್ದ ಬಾಯಿಗೆ ಎಣ್ಣೆ ಕುಡಿಸಿದರು. ಹಾಗೆಯೇ ಬಿಟ್ಟರೆ ತೇವ ಹೀರಿ ಮರ ಬಿರಿಯುತ್ತದೆ. ಸ್ಟಾಕ್ ಹಿಡಿಯ ಕಡೆಗೆ ಸಪೂರವಾಗುತ್ತ ಹೋಗುವುದರಿಂದ ಹಳೆಯ ಬಟ್‌ಪ್ಲೇಟ್ ಈಗ ಸುತ್ತಲೂ ಹೊರಚಾಚುತ್ತಿತ್ತು. ಅದನ್ನು ಅರದಿಂದ ಉಜ್ಜಿ ಕೂರಿಸಲು ಇಡೀ ಮಧ್ಯಾಹ್ನ ಹಿಡಿಯಿತು.

ನಂತರ ಮೂರು, ಎರಡು, ಒಂದು ಮಿಲಿಮೀಟರ್ ದಪ್ಪದ ಹಾಳೆಗಳನ್ನು ನಡುವೆ ಸೇರಿಸುತ್ತ ಹೋದೆವು. ಸೇರಿಸುವುದು, ಕಣ್ಣು ಮುಚ್ಚಿ ಹಿಡಿಯುವುದು, ಕಣ್ಣು ತೆರೆಯುವುದು. 11 ಮಿಲಿಮೀಟರ್ ಸೇರಿದಾಗ ಉಂಗುರ ಪೂರ್ತಿಯಾಗಿ, ದುಂಡಗೆ, ಕಿಂಡಿಯ ನಟ್ಟನಡುವೆ ಕಂಡಿತು. 306. ಒಟ್ಟು ಕಡಿಮೆಯಾದದ್ದು 39.

ಅದರ ಜೊತೆಗೆ ಬಂದದ್ದು

ಹಿಂಬದಿ ಗಿಡ್ಡವಾದರೆ ರೈಫಲ್ ಗಿಡ್ಡವಾಗುತ್ತದೆ ಅಷ್ಟೇ ಎಂದು ತಿಳಿದಿದ್ದೆ. ಹಾಗಲ್ಲ. ಇಡೀ ರೈಫಲ್ ಮೈಯ ಕಡೆಗೆ ಅಷ್ಟು ಸರಿದು ಬರುತ್ತದೆ. ಟ್ರಿಗರ್, ಕಿಂಡಿ, ತೂಕದ ಕೇಂದ್ರ ಎಲ್ಲವೂ 39 ಮಿಲಿಮೀಟರ್ ಹಿಂದಕ್ಕೆ. ಮೊದಲು ಎಡಗೈಯ ಮುಂದೆ ತೂಗುತ್ತಿದ್ದ ಭಾರ ಈಗ ಅಂಗೈಯ ಮೇಲೆಯೇ ಬಂದು ಕುಳಿತಿತು. ಒಂದು ಗ್ರಾಂ ಕೂಡ ತೆಗೆಯದ ನಳಿಗೆ ಹಗುರವಾದಂತೆ ಅನ್ನಿಸಿತು.

ಆದರೆ ಒಂದನ್ನು ಸರಿಪಡಿಸಿದರೆ ಇನ್ನೊಂದು ಬಾಯಿ ತೆರೆಯುತ್ತದೆ. ತಲೆ ನೆಟ್ಟಗಾದ ಮೇಲೆ ಕಣ್ಣು ಮೇಲೆ ಹೋಯಿತು, ಕಿಂಡಿ ಕೆಳಗೆ ಉಳಿಯಿತು. ಹಿಂದಿನ ಕಿಂಡಿಗೂ ಮುಂದಿನ ಉಂಗುರಕ್ಕೂ ಅಡಿಗೆ ಎತ್ತರದ ತುಂಡು ಕೊಡಬೇಕಾಯಿತು, ಅದಕ್ಕೆ ತಕ್ಕಂತೆ ಕೆನ್ನೆ ಒರಗುವ ಜಾಗವನ್ನೂ ಎತ್ತರಿಸಬೇಕಾಯಿತು. ಕಿಂಡಿ ಕಣ್ಣಿಗೆ ತೀರಾ ಹತ್ತಿರವಾಗಿದ್ದರಿಂದ ಅದನ್ನು ಹಳಿಯ ಮೇಲೆ ಮುಂದಕ್ಕೆ ಸರಿಸಿದೆವು. ಹಿಡಿ ಮಾತ್ರ ಇದ್ದ ಹಾಗೆಯೇ ಇತ್ತು. ಹಿಂದೆ ಎಷ್ಟು ಕತ್ತರಿಸಿದರೂ ಹಿಡಿಗೂ ಟ್ರಿಗರ್‌ಗೂ ನಡುವಿನ ಅಂತರ ಬದಲಾಗುವುದಿಲ್ಲ. ನಾನು ಮೊದಲು ತಂದ ದೂರು ಅದೇ ಅಲ್ಲವೇ? ಹಿಡಿಯ ಮರವನ್ನು ಅರದಿಂದ ತೆಳುವಾಗಿಸಿ, ಟ್ರಿಗರ್ ತಗಡನ್ನು ಅದರ ತೋಡಿನಲ್ಲಿ ಹಿಂದಕ್ಕೆ ಜಾರಿಸಿದ ಮೇಲೆ ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ನೇರವಾಗಿ ಕೂತಿತು.

ನನ್ನ ಮುಂಗೈ ಗಿಡ್ಡ. ಮೊಣಕೈ ಸೊಂಟಕ್ಕೆ ಊರಿದರೆ ಅಂಗೈ ಬೇಕಾದಷ್ಟು ಮೇಲಕ್ಕೆ ತಲುಪುವುದಿಲ್ಲ. ಅಂಗೈಗೂ ಸ್ಟಾಕ್‌ನ ಮುಂಭಾಗಕ್ಕೂ ನಡುವೆ ಒಂದು ದಿಮ್ಮಿ ಬೇಕಿತ್ತು. ಹಿರಿಯರು ಮೂಲೆಯಲ್ಲಿಟ್ಟಿದ್ದ ಆ ಕತ್ತರಿಸಿದ ತುಂಡನ್ನೇ ತಂದರು, ಸುಳಿಗೆರೆಗಳಿದ್ದ ತುಂಡು. ಅದನ್ನು ಅಂಗೈಗೆ ಒಗ್ಗುವಂತೆ ಕೆತ್ತಿ ಕೆಳಗೆ ತಿರುಪಿನಿಂದ ಜೋಡಿಸಿದರು. ಈಗಲೂ ಎಡಗೈ ಇಡುವಾಗ ಆ ಗೆರೆಗಳು ಬೆರಳಿಗೆ ಸಿಗುತ್ತವೆ.

ಹಳೆಯ ಅಭ್ಯಾಸ

ಮುಂದಿನ ಎರಡು ತಿಂಗಳು ನನ್ನ ಅಂಕಗಳು ಮೊದಲಿಗಿಂತ ಕೆಳಗೆ ಹೋದವು. ಇದನ್ನು ಬರೆಯಲೇಬೇಕು, ಯಾಕೆಂದರೆ ಇಲ್ಲಿ ಅನೇಕರು ಬಿಟ್ಟುಬಿಡುತ್ತಾರೆ. ರೈಫಲ್ ನನ್ನ ಅಳತೆಗೆ ಬಂದಿತ್ತು, ನಾನು ಇನ್ನೂ ಹಳೆಯ ರೈಫಲ್‌ನ ಅಳತೆಯಲ್ಲೇ ಇದ್ದೆ. ದಣಿದ ಕೂಡಲೇ ಬೆನ್ನು ತನ್ನ ಹಳೆಯ ಬಾಗಿಗೆ ಹೋಗುತ್ತಿತ್ತು. ಚಾಚುವ ಅಗತ್ಯವೇ ಇಲ್ಲದಿದ್ದರೂ ಕುತ್ತಿಗೆ ಚಾಚುತ್ತಿತ್ತು, ಹುಬ್ಬು ಹೋಗಿ ಕಿಂಡಿಯ ಅಂಚಿಗೆ ತಾಗುತ್ತಿತ್ತು. ಹಳೆಯ ಸ್ಟಾಕೇ ಚೆನ್ನಾಗಿತ್ತೇನೋ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು. ಗುಂಡು ಹಾಕದೆ, ಗೋಡೆಯ ಒಂದು ಚುಕ್ಕೆಗೆ ಗುರಿಯಿಟ್ಟು, ದಿನಕ್ಕೆ ಇಪ್ಪತ್ತು ನಿಮಿಷ ಹಿಡಿದು ಇಳಿಸುವುದನ್ನಷ್ಟೇ ಮಾಡಿದೆ. ಪ್ರತಿ ಸಲವೂ ಕಣ್ಣು ಮುಚ್ಚಿ ಹಿಡಿಯುವುದು, ಆಮೇಲೆ ತೆರೆಯುವುದು. ಮೂರನೆಯ ತಿಂಗಳು ಒಂದು ದಿನ ನಲವತ್ತು ಗುಂಡು ಮುಗಿಸಿ ರೈಫಲ್ ಇಳಿಸಿದಾಗ ನನಗೆ ಕುತ್ತಿಗೆಯ ನೆನಪೇ ಆಗಲಿಲ್ಲ. ನೋವು ಬಂದಿಲ್ಲ ಎಂಬುದು ತಿಳಿದದ್ದೂ ರಾತ್ರಿ ಮಗ್ಗುಲು ಬದಲಿಸಿದಾಗ.

ಮಲಗಿ ಹೊಡೆಯುವ ಭಂಗಿ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಅಲ್ಲಿ ಭುಜ ಬೇರೆಯೇ ಕೋನದಲ್ಲಿ ಕೂರುತ್ತದೆ, 306 ಸಾಲುತ್ತಿಲ್ಲ. ಎಡಗೈಯನ್ನು ತಡೆಯುವ ಹ್ಯಾಂಡ್‌ಸ್ಟಾಪ್ ಸ್ಟಾಕ್‌ನ ಕೆಳಗಿನ ಹಳಿಯ ಕೊನೆಯ ತೂತಿಗೆ ಬಂದರೂ ನನಗೆ ದೂರವೇ. ಅದನ್ನು ಇನ್ನೂ ಹಿಂದಕ್ಕೆ ತರಲು ಹಳಿಯಲ್ಲಿ ಹೊಸ ತೂತು ಕೊರೆಯಬೇಕು. ಹತ್ತಿರ ತಂದಷ್ಟೂ ಮುಂಗೈ ನೆಟ್ಟಗಾಗಿ ರೈಫಲ್ ಮೇಲೇಳುತ್ತದೆ, ದೂರ ಬಿಟ್ಟರೆ ಮುಂಗೈ ನೆಲಕ್ಕೆ ವಾಲುತ್ತದೆ, ಸ್ಪರ್ಧೆಯ ನಿಯಮದ ಪ್ರಕಾರ ಅದು 30 ಡಿಗ್ರಿಗಿಂತ ಕೆಳಗೆ ಇಳಿಯುವಂತಿಲ್ಲ. ಈ ವಾರ ಹಿಂಬದಿಗೆ ಎರಡು ಮಿಲಿಮೀಟರ್‌ನ ಇನ್ನೊಂದು ಹಾಳೆ ಸೇರಿಸಿ ನೋಡುತ್ತೇನೆ. ತೂತು ಕೊರೆಯುವುದು ಅದಾದ ಮೇಲೆ.